ಹೊಳೆ ಹಿಂದಿರುಗಿಸಿದ ಕೊಳಗ

ಒಡೆಯನಿಗೆ ಸಲ್ಲಬೇಕಾದ ಪಾಲು ಎಂಟು ಕೊಳಗ ಗೋಧಿ. ಅಗಸಗಿತ್ತಿ ಥೊಮಾಸೀನಳ ಚೀಲಗಳಲ್ಲಿ, ಒಡೆಯನ ಮರದ ಕೊಳಗದಲ್ಲಿ ಅಳೆದರೆ, ಇದ್ದದ್ದೇ ಅಷ್ಟು. ಕೊಟ್ಟುಬಿಟ್ಟರೆ ತನ್ನ ತುಂಡು ಹೊಲಕ್ಕೆ ಬಿತ್ತಲು ಒಂದು ಕಾಳೂ ಉಳಿಯುವುದಿಲ್ಲ. ಆ ಕೊಳಗವೋ, ಒಡೆಯನ ಹೊಟ್ಟೆಯ ಜೊತೆಗೇ ಬೆಳೆಯುತ್ತಾ ಬಂದಿತ್ತು. ಬರ್ಗಂಡಿಯ ಆ ಹಳ್ಳಿಯಲ್ಲಿ ಎಲ್ಲರಿಗೂ ಅದು ಗೊತ್ತು. ಗೊತ್ತಿದ್ದು ಏನು ಮಾಡುವುದು? ಬಡವನ ಕೋಪ ದವಡೆಗೆ ಮೂಲ. ಪ್ಯಾರಿಸಿನಲ್ಲಿ ಆಗಿನ್ನೂ ಜನ ದಂಗೆಯೆದ್ದು ರಾಜನ ಕೋಟೆಗೆ ನುಗ್ಗಿರಲಿಲ್ಲ.

ಅಳೆಯುವ ಮೊದಲು ಹಳೆಯ ಕರಾರುಪತ್ರವನ್ನು ಸಂತೆಮಾಳದಲ್ಲಿ ಓದುವುದು ಪದ್ಧತಿ. ಪಾರುಪತ್ಯಗಾರ ಗ್ರೊಲಿಯೆ ಆಕಳಿಸುತ್ತಾ ಓದಿದ: "ಬೀಗದ ಕೈ ಗುರುತಿನ ಕಲ್ಲಿನ ಕೊಳಗದಲ್ಲಿ ಎಂಟು." ಪ್ರತಿವರ್ಷ ಓದುತ್ತಿದ್ದ, ಯಾರೂ ಕಿವಿಗೊಡುತ್ತಿರಲಿಲ್ಲ.

"ಆ ಕಲ್ಲಿನ ಕೊಳಗ ಎಲ್ಲಿದೆ ಸ್ವಾಮಿ?" ಎಂದಳು ಥೊಮಾಸೀನ್.

"ಮೂವತ್ತು ವರ್ಷದ ಹಿಂದೇನೇ ನೆರೇಲಿ ಕೊಚ್ಕೊಂಡು ಹೋಯ್ತಲ್ಲೇ. ಬೇಕಾದ್ರೆ ಹೊಳೇನೇ ಕೇಳ್ಕೋ ಹೋಗು!"

"ಕೇಳ್ದೆ. ಕೊಡ್ತು."

ಅವಳು ತನ್ನ ಕತ್ತೆಗಾಡಿಯ ಮೇಲಿನ ಗೋಣಿ ಸರಿಸಿದಳು. ಆ ವರ್ಷ ಹೊಳೆ ಎಂದೂ ಇಲ್ಲದಷ್ಟು ಬತ್ತಿ, ಅವಳು ಬಟ್ಟೆ ಒಗೆಯುವ ಕಲ್ಲು ವಾಲಿತ್ತು. ಅದರ ತಳಕ್ಕೆ ಕೈ ಹಾಕಿದರೆ ಪೊಳ್ಳು! ಇಷ್ಟು ವರ್ಷ ಊರಿನ ಹೆಂಗಸರೆಲ್ಲ ಬೋರಲು ಬಿದ್ದ ಕೊಳಗದ ಬೆನ್ನ ಮೇಲೆ ಬಟ್ಟೆ ಬಡಿದಿದ್ದರು. ಒಳಮೈಯಲ್ಲಿ ಬೀಗದ ಕೈ ಗುರುತು ನಿನ್ನೆ ಕೆತ್ತಿದಂತೆ ಇತ್ತು.

"ಯಾವ್ದೋ ಹಂದಿ ಬಾನಿ ತಂದವ್ಳೆ," ಎಂದು ಗ್ರೊಲಿಯೆ ನಕ್ಕ.

ಕಮ್ಮಾರ ಬಾಸ್ತಿಯಾನ್ ಅವನ ಕೈಯಿಂದ ಪತ್ರ ಕಸಿದು, ಅದರ ಮೇಲಿನ ಮುದ್ರೆಯನ್ನು ಕಲ್ಲಿನ ಪಕ್ಕಕ್ಕೆ ಹಿಡಿದ. ಅದೇ ಬೀಗದ ಕೈ. "ಹಂದಿ ಯಾರು ಅಂತ ಈಗ್ಲೇ ಗೊತ್ತಾಯ್ತದೆ. ಸುರೀರಿ!" ಎಂದ.

ಅವಳ ಗೋಧಿಯನ್ನು ಒಡೆಯನ ಮರದ ಕೊಳಗದಲ್ಲಿ ಒಂದು ಅಳೆದು ಕಲ್ಲಿಗೆ ಸುರಿದರು. ಕಲ್ಲು ತುಂಬಿತು. ಆಮೇಲೂ ಕಾಳು ಬೀಳುತ್ತಲೇ ಇತ್ತು. ಕಾಲು ಭಾಗ ನೆಲದ ಪಾಲಾಯಿತು. ಗ್ರೊಲಿಯೆಯ ಮುಖ ಸುಣ್ಣವಾಯಿತು, ಸಂತೆಮಾಳವೆಲ್ಲ ಹೋ ಎಂದು ಕೂಗಿತು. ಥೊಮಾಸೀನಳಿಗೆ ನಗುವೂ ಅಳುವೂ ಒಟ್ಟಿಗೇ ಬಂತು.

"ಪತ್ರ ಓದಿದ್ದು ನೀವೇ, ಸ್ವಾಮಿ," ಎಂದಳು. "ಮೂವತ್ತು ವರ್ಷ ನಿಮ್ಮ ಅಂಗಿ ಕೊಳೇನ ಈ ಕಲ್ಲಿನ ಮೇಲೇ ಬಡ್ದು ತೆಗ್ದಿದೀನಿ. ಉಳಿದ ಕೊಳೆ ಇವತ್ತು ಹೋಗ್ಲಿ. ಅಳೀರಿ!"

ಗ್ರೊಲಿಯೆ ಅಳೆದ. ಕಲ್ಲಿನ ಕೊಳಗದಲ್ಲಿ, ಬಾಯಿಗೆ ಸಮವಾಗಿ ತಲೆ ಸವರಿ, ಎಂಟು. ಅವಳ ಹಿಂದೆ ಊರಿಗೆ ಊರೇ ಚೀಲ ಹೊತ್ತು ಸಾಲುಗಟ್ಟಿತು.

ಒಡೆಯನ ಅಳತೆಯಲ್ಲಿ ಎರಡು ಕೊಳಗ ಅವಳಿಗೆ ಉಳಿಯಿತು. ಕತ್ತೆಗಾಡಿಗೆ ಹೇರಲು ಅವಳಿಗೆ ಮನಸ್ಸು ಬರಲಿಲ್ಲ. ಹೆಗಲ ಮೇಲೆ ಹೊತ್ತು ನೇರ ಹೊಲಕ್ಕೆ ನಡೆದಳು, ಕತ್ತಲಾಗುವ ಮೊದಲೇ ಬಿತ್ತಿ ಮುಗಿಸಿದಳು.