ಆಮೆಯ ಎಡ ಮೊಣಕೈ

ಜೂಡೋ ಚಾಪೆಯ ಮೇಲೆ ಹೊರಿಗುಚಿ ಕಲಿತ ಮೊದಲ ವಿದ್ಯೆ ಆಮೆಯಾಗುವುದು. ಬೋರಲು ಬಿದ್ದು, ಮಂಡಿಗಳನ್ನು ಹೊಟ್ಟೆಯಡಿಗೆ ಎಳೆದುಕೊಂಡು, ಮೊಣಕೈಗಳನ್ನು ತೊಡೆಗೆ ಅಂಟಿಸಿ, ಎರಡು ಅಂಗೈಗಳಿಂದ ಕೊರಳಪಟ್ಟಿ ಕಾಯ್ದುಕೊಂಡು ಸುಮ್ಮನಿರಬೇಕು. ಬೆನ್ನ ಮೇಲೆ ಕೂತವನು ಗುದ್ದಲಿ, ಮೊಣಕಾಲಿನಿಂದ ಪಕ್ಕೆ ತಿವಿಯಲಿ, ಮುಷ್ಟಿಯ ಗೆಣ್ಣುಗಳಿಂದ ಕಿವಿಯ ಹಿಂದೆ ಉಜ್ಜಲಿ, ಚಿಪ್ಪು ಮಾತ್ರ ಬಿಚ್ಚಬಾರದು. ಎರಡು ವರ್ಷ ಅವನು ಬೇರೇನನ್ನೂ ಕಲಿಯಲಿಲ್ಲ. ಎರಡು ಕಿವಿಗಳೂ ಜಜ್ಜಿಹೋಗಿ ಹೂಕೋಸಿನ ಎಸಳಿನಂತಾಗಿದ್ದವು.

ಉತ್ತರದ ಆ ಹಿಮದೂರಿನ ಕಾಲೇಜಿಗೆ ಗೆಲ್ಲುವವರಿಗಿಂತ ಸೋಲದವರು ಹೆಚ್ಚು ಬೇಕಾಗಿದ್ದರು. ಹಳೆಯ ಆರು ಕಾಲೇಜುಗಳು ಬೇಸಿಗೆಗೊಮ್ಮೆ ಸೇರಿ ಆಡುವ ಪಂದ್ಯದಲ್ಲಿ ತಂಡಕ್ಕೆ ಹದಿನೈದು ಜನ. ಗೆದ್ದವನು ಚಾಪೆಯ ಮೇಲೆ ಉಳಿದು ಎದುರಾಳಿ ತಂಡದ ಮುಂದಿನವನನ್ನು ಎದುರಿಸುತ್ತಾನೆ. ಸಮವಾದರೆ ಇಬ್ಬರೂ ಇಳಿಯಬೇಕು. ಆದ್ದರಿಂದ ಪ್ರತಿ ತಂಡದಲ್ಲೂ ಎರಡು ಬಗೆಯವರು. ಕೆಡಹುವವರು ಕೆಲವರು, ಹುಟ್ಟಿನಿಂದಲೇ ಬಲ ಉಳ್ಳವರು. ಮಿಕ್ಕವರು ಸಮದವರು. ಎದುರಿನ ಹುಲಿ ಬಂದಾಗ ಅದರ ಪಂಜದಡಿ ಆಮೆಯಾಗಿ ಬಿದ್ದಿದ್ದು, ಹೊತ್ತು ಮುಗಿದಾಗ ಅದನ್ನೂ ಜೊತೆಗೆಳೆದುಕೊಂಡು ಇಳಿಯುವುದು ಅವರ ಕೆಲಸ. ಅವರಿಗೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಅವರಿಗಿರುವುದು ಒಂದೇ ಕಟ್ಟಳೆ: ಕತ್ತು ಬಿಗಿದರೆ ಮೂರ್ಛೆ ಹೋಗಬಹುದು, ಕೀಲು ತಪ್ಪಬಹುದು, ಆದರೆ ಸೋತೆನೆಂದು ಅಂಗೈಯಿಂದ ಚಾಪೆ ಬಡಿಯಬಾರದು.

ಹೊರಿಗುಚಿ ಭೌತಶಾಸ್ತ್ರದ ವಿದ್ಯಾರ್ಥಿ. ಅವನ ಜೊತೆಗೆ ಅದೇ ದಿನ ಸೇರಿದ್ದ ಇಸೋಬೆ ಅಕ್ಕಿ ಬೆಳೆಯುವ ಹಳ್ಳಿಯಿಂದ ಬಂದವನು, ಕೃಷಿ ವಿಭಾಗದವನು. ಇಬ್ಬರೂ ಸಣಕಲು, ಇಬ್ಬರೂ ಸಮದವರು. ದಿನವೂ ಒಬ್ಬರ ಬೆನ್ನ ಮೇಲೊಬ್ಬರು ಕೂತು ಅಭ್ಯಾಸ ಮಾಡುತ್ತಿದ್ದುದರಿಂದ ಇಸೋಬೆಯ ಮೈಯನ್ನು ಹೊರಿಗುಚಿ ತನ್ನ ಮೈಗಿಂತ ಚೆನ್ನಾಗಿ ಬಲ್ಲ. ಬಲದಲ್ಲಿ ಬಿಚ್ಚಲಾಗದ್ದನ್ನು ಅವನು ಗಮನಿಸಿ ಬಿಚ್ಚುತ್ತಿದ್ದ. ಭಾರ ಎಲ್ಲಿಂದ ಎಲ್ಲಿಗೆ ಹರಿಯುತ್ತದೆ, ಯಾವ ಎಲುಬು ಯಾವುದಕ್ಕೆ ಆನಿಕೆ, ಎಲ್ಲವೂ ಅವನಿಗೆ ಬೇಕು.

"ಏನೋ ಹೊರಿಗುಚಿ, ಅನ್ನ ತಿಂತೀಯೋ ಅಕ್ಕಿ ಎಣಿಸ್ತೀಯೋ?" ಎಂದು ನಾಯಕ ಕುಸಕಾಬೆ ಅವನನ್ನು ಆಡಿಕೊಳ್ಳುತ್ತಿದ್ದ.

ಕುಸಕಾಬೆ ಕೊನೆಯ ವರ್ಷದವನು, ತಂಡದ ದೊಡ್ಡ ಹುಲಿ. ಆ ಬೇಸಿಗೆ ಹದಿನಾಲ್ಕು ಹೆಸರು ನಿಗದಿಯಾಗಿ ಒಂದು ಜಾಗ ಮಾತ್ರ ಉಳಿದಿತ್ತು. ಅದಕ್ಕೆ ಇದ್ದವರು ಹೊರಿಗುಚಿ, ಇಸೋಬೆ ಇಬ್ಬರೇ. ಶನಿವಾರ ಒಬ್ಬೊಬ್ಬರೂ ಕುಸಕಾಬೆಯ ಕೆಳಗೆ ಆರು ನಿಮಿಷ ಇರಬೇಕು, ತಡೆದುಕೊಂಡವನಿಗೆ ಜಾಗ ಎಂದಾಯಿತು. ಎರಡು ವರ್ಷದ ಪೆಟ್ಟಿಗೆಲ್ಲ ಅರ್ಥ ಬರುವುದು ಆ ಹದಿನೈದನೆಯ ಹೆಸರಿನಿಂದ ಎಂದು ಹೊರಿಗುಚಿ ನಂಬಿದ್ದ. ಇಸೋಬೆಯೂ ಹಾಗೆಯೇ ನಂಬಿದ್ದಾನೆ ಎಂಬುದೂ ಅವನಿಗೆ ಗೊತ್ತಿತ್ತು.

ಗುರುವಾರ ಸಂಜೆ ಅಭ್ಯಾಸ ಮುಗಿದ ಮೇಲೆ ಕುಸಕಾಬೆ ಅವನೊಬ್ಬನನ್ನೇ ನಿಲ್ದಾಣದ ಬಳಿಯ ಕೋಳಿ ಸುಡುವ ಅಂಗಡಿಗೆ ಕರೆದೊಯ್ದ. ಹೊರಿಗುಚಿ ಎರಡು ಕೈಯಲ್ಲಿ ಬಾಟಲಿ ಹಿಡಿದು ನಾಯಕನ ಲೋಟಕ್ಕೆ ಬಿಯರ್ ಬಗ್ಗಿಸಿದ.

"ಇಸೋಬೆ ಇತ್ತೀಚೆಗೆ ಬಿಚ್ಚೋದೇ ಇಲ್ಲ ಕಣೋ," ಎಂದ ಕುಸಕಾಬೆ. "ಮೊನ್ನೆ ಅರ್ಧ ಗಂಟೆ ಮೇಲೆ ಕೂತಿದ್ದೆ. ಸಿಮೆಂಟು ಮೂಟೆ ಆಗ್ಬಿಟ್ಟಿದಾನೆ ಬಡ್ಡಿಮಗ."

"ಗಟ್ಟಿ ಇದಾನೆ, ಕುಸಕಾಬೆಸಾನ್," ಎಂದ ಹೊರಿಗುಚಿ, ಹಿರಿಯರ ಹೆಸರಿಗೆ ಸೇರಿಸುವ ಗೌರವದ 'ಸಾನ್' ಬಿಡದೆ.

"ನಿನ್ ಕೆಳಗೂ ಬಿಚ್ಚಲ್ವಾ?"

ಹೊರಿಗುಚಿ ಬಾಟಲಿ ಕೆಳಗಿಟ್ಟ. ನಾಯಕ ತನ್ನನ್ನು ಕೇಳುತ್ತಿದ್ದಾನೆ, ಆಡಿಕೊಳ್ಳುತ್ತಿಲ್ಲ. ಎರಡು ವರ್ಷದಲ್ಲಿ ಇದೇ ಮೊದಲು.

"ಬಿಚ್ತಾನೆ," ಎಂದ.

ತಟ್ಟೆಯಿಂದ ಒಂದು ಸುಟ್ಟ ರೆಕ್ಕೆಯನ್ನು ಎತ್ತಿಕೊಂಡ. ಬಲ ಭುಜದ ಮೇಲೆ ಭಾರ ಹಾಕಿ ಕಾದರೆ ಇಸೋಬೆ ಉಸಿರು ಬಿಡುವ ಗಳಿಗೆಯಲ್ಲಿ ಎಡ ಮೊಣಕೈಯನ್ನು ತೊಡೆಯಿಂದ ಒಂದು ಗೇಣು ಸರಿಸುತ್ತಾನೆ, ಅದು ಅವನಿಗೇ ತಿಳಿಯದು. ಅಲ್ಲಿಗೆ ಪಾದ ತೂರಿಸಿ ಉರುಳಿಸಿದರೆ ತೋಳು ತಾನಾಗಿ ಕೈಗೆ ಬರುತ್ತದೆ. ಆಮೇಲೆ ಹೆಬ್ಬೆರಳು ಎತ್ತ ನೋಡುತ್ತದೋ ಅದೇ ದಿಕ್ಕಿಗೆ ಮೊಣಕೈಯನ್ನು ಒತ್ತಬೇಕು. ಹೇಳುತ್ತ ಹೇಳುತ್ತ ಅವನು ರೆಕ್ಕೆಯ ಕೀಲನ್ನು ಹಿಂದಕ್ಕೆ ಬಗ್ಗಿಸಿದ. ಬಿಳಿಯ ನಾರು ಹಿಗ್ಗಿ, ಒಂದೊಂದೇ ಎಳೆ ಕಳಚಿತು. "ಮೊದಲು ಒಳಗಡೆ ನಾರು ಹೋಗುತ್ತೆ, ಆಮೇಲೆ ಕೀಲು. ನೋಡಿ, ಬಲವೇ ಬೇಕಿಲ್ಲ."

ಕುಸಕಾಬೆ ರೆಕ್ಕೆಯನ್ನು ಇಸಿದುಕೊಂಡು ತಿಂದ. "ಭಾರಿ ಪಂಡಿತ ಕಣೋ ನೀನು," ಎಂದ, ಎಲುಬು ಚೀಪುತ್ತ. "ಅವನು ನಿನ್ ಗೆಳೆಯ ಅಲ್ವಾ?"

"ಹೌದು."

"ಸರಿ, ಕುಡಿ."

ಶನಿವಾರ ಮೊದಲು ಇಸೋಬೆ. ಮಂಡಿಯೂರಿ ನಮಸ್ಕರಿಸಿ ಆಮೆಯಾದ. ಕುಸಕಾಬೆ ಅವಸರ ಮಾಡಲಿಲ್ಲ. ಬಲ ಭುಜದ ಮೇಲೆ ಎದೆಯೂರಿ, ಹಿಟ್ಟು ನಾದುವವನಂತೆ ಮೆಲ್ಲಗೆ ತೂಕ ಬಿಡುತ್ತ ಕಾದ. ಇಸೋಬೆ ಉಸಿರು ಬಿಟ್ಟ. ಎಡ ಮೊಣಕೈ ಸರಿಯಿತು. ಪಾದ ಒಳಗೆ ಹೋಯಿತು. ಅಂಗಡಿಯಲ್ಲಿ ಹೇಳಿದ ಕ್ರಮದಲ್ಲೇ ಎಲ್ಲ ನಡೆಯಿತು. ಹೊರಿಗುಚಿಗೆ ಒಂದು ಕ್ಷಣ, ಪ್ರಯೋಗ ಕೈಗೂಡಿದಾಗ ಆಗುವಂಥ ಖುಷಿಯಾಯಿತು.

ಇಸೋಬೆ ಅಂಗಾತ ಬಿದ್ದಿದ್ದ. ಅವನ ಎಡಗೈ ಕುಸಕಾಬೆಯ ತೊಡೆಗಳ ನಡುವೆ ನೀಳವಾಗಿ ಚಾಚಿತ್ತು.

"ಬಡಿಯೋ," ಎಂದ ಕುಸಕಾಬೆ.

"ಟೈಮೆಷ್ಟಿದೆ?" ಇಸೋಬೆ ಕೇಳಿದ್ದು ಗಡಿಯಾರ ಹಿಡಿದಿದ್ದವನನ್ನು.

"ಎರಡು ನಿಮಿಷ."

ಇಸೋಬೆ ಬಿಡುವಿದ್ದ ಬಲಗೈಯನ್ನು ಸೊಂಟದ ಪಟ್ಟಿಯೊಳಗೆ ಮಣಿಕಟ್ಟಿನ ತನಕ ತುರುಕಿಕೊಂಡ. ಅದು ತನ್ನ ಮಾತು ಮೀರಿ ಚಾಪೆ ಬಡಿದೀತು ಎಂಬ ಭಯಕ್ಕೆ. ಕುಸಕಾಬೆ ಸೊಂಟ ಎತ್ತಿದ. ಒದ್ದೆ ಬಟ್ಟೆ ಹರಿದಂಥ ಸದ್ದು. ಸುತ್ತ ಕೂತವರಲ್ಲಿ ಯಾರೋ ಮುಖ ತಿರುಗಿಸಿದರು. ಇಸೋಬೆಯ ಬಾಯಿಂದ ಉಸಿರು ಮಾತ್ರ ಬಂತು.

"ಹೋಯ್ತು ಕಣೋ ಕೈ. ಬಡಿಯಲ್ವಾ?"

"ಇಲ್ಲ, ಕುಸಕಾಬೆಸಾನ್."

"ಹಾಗಾದ್ರೆ ಇನ್ನೂ ಇದೆ," ಎಂದು ಕುಸಕಾಬೆ ಮತ್ತೆ ಎತ್ತಿದ. ಕೈ ಎತ್ತ ಹೋಗಬಾರದೋ ಅತ್ತ ಹೋಯಿತು. ಎರಡು ನಿಮಿಷ ಮುಗಿಯುವವರೆಗೂ ಅವನು ಬಿಡಲಿಲ್ಲ, ಇವನು ಬಡಿಯಲಿಲ್ಲ. ಗಡಿಯಾರದವನು ಸಮ ಎಂದು ಕೂಗಿದ.

ಆಸ್ಪತ್ರೆಗೆ ಹೋಗೆಂದರೆ ಇಸೋಬೆ ಕೇಳಲಿಲ್ಲ. "ಹೊರಿಗುಚಿದು ನೋಡ್ಕೊಂಡೇ ಹೋಗ್ತೀನಿ," ಎಂದು ಗೋಡೆಗೆ ಒರಗಿ, ಎಡಗೈಯನ್ನು ಮಗುವಿನಂತೆ ಮಡಿಲಲ್ಲಿಟ್ಟುಕೊಂಡು ಕೂತ.

ಹೊರಿಗುಚಿಯ ಮೊಣಕೈಗಳು ಸರಿಯಲಿಲ್ಲ. ಕುಸಕಾಬೆ ಕತ್ತಿಗೆ ಬಂದ, ಪಕ್ಕೆಗೆ ಬಂದ, ಕಿವಿ ಉಜ್ಜಿ ರಕ್ತ ಬರಿಸಿದ. ಹೊರಿಗುಚಿ ತಡೆದ. ಆರನೆಯ ನಿಮಿಷಕ್ಕೆ ಕಾಲಿಟ್ಟಾಗ ಕೊರಳಪಟ್ಟಿ ಬಿಗಿಯಿತು. ಕಣ್ಣಿಗೆ ಕತ್ತಲೆ ಕವಿದು ಅವನ ಒಂದು ಕೈ ಪಟ್ಟಿ ಸಡಿಲಿಸಲು ಮೇಲೆದ್ದಿತು. ಅದನ್ನೇ ಕಾಯುತ್ತಿದ್ದವನಂತೆ ಕುಸಕಾಬೆ ಆ ಕೈ ಹಿಡಿದು ಉರುಳಿದ. ತೋಳು ನೀಳವಾಯಿತು. ನೋವು ಇನ್ನೂ ಇರಲಿಲ್ಲ. ಆದರೆ ಮೊದಲು ಹೋಗುವುದು ಒಳಗಡೆಯ ನಾರು, ಅದು ಯಾವ ಎಲುಬಿಂದ ಯಾವ ಎಲುಬಿಗೆ ಹೋಗಿದೆ, ಇನ್ನೆಷ್ಟು ಎತ್ತಿದರೆ ಮೊದಲ ಎಳೆ ಕಳಚುತ್ತದೆ, ಎಲ್ಲವೂ ಅವನಿಗೆ ಕಣ್ಣಿಗೆ ಕಟ್ಟಿದಂತಿತ್ತು. ಗೋಡೆಯ ಬಳಿ ಕೂತಿದ್ದವನ ಮಡಿಲಲ್ಲಿದ್ದ ಕೈಯಲ್ಲಿ ಅದು ಆಗಲೇ ಕಳಚಿತ್ತು.

ಚಾಪೆಯ ಮೇಲೆ ಟಪಟಪ ಸದ್ದು ಕೇಳಿತು. ತನ್ನದೇ ಅಂಗೈ ಎಂದು ಅವನಿಗೆ ತಿಳಿದದ್ದು ಆಮೇಲೆ.

ಕುಸಕಾಬೆ ತಕ್ಷಣ ಬಿಟ್ಟ. "ನಾನಿನ್ನೂ ಶುರುನೇ ಮಾಡಿರ್ಲಿಲ್ವಲ್ಲೋ," ಎಂದ. ಯಾರೋ ಕಿಸಕ್ಕನೆ ನಕ್ಕರು. ಕುಸಕಾಬೆ ಎದ್ದು ಸೊಂಟಪಟ್ಟಿ ಸರಿಮಾಡಿಕೊಂಡು ಗೋಡೆಯತ್ತ ತಿರುಗಿದ. "ಹದಿನೈದನೆಯವನು ಇಸೋಬೆ. ಇಸೋಬೆ, ಹೊರಿಗುಚಿಗೆ ಥ್ಯಾಂಕ್ಸ್ ಹೇಳೋ. ನಿನ್ನ ಎಡಗೈಗೆ ದಾರಿ ತೋರಿಸಿದ್ದು ಅವನೇ. ಕೋಳಿ ರೆಕ್ಕೆ ಮುರಿದು ಪಾಠ ಮಾಡ್ದ, ಎಷ್ಟು ಚೆನ್ನಾಗಿತ್ತು ಅಂತೀಯ."

ಇಸೋಬೆ ಹೊರಿಗುಚಿಯನ್ನು ನೋಡಿದ. ಆ ನೋಟದಲ್ಲಿ ಸಿಟ್ಟಿದ್ದರೆ ಹೊರಿಗುಚಿಗೆ ಹಗುರಾಗುತ್ತಿತ್ತು. ಅವನು ಲೆಕ್ಕ ಹಾಕುವವನಂತೆ ನೋಡುತ್ತಿದ್ದ.

ಪಂದ್ಯಕ್ಕೆ ಹದಿಮೂರು ದಿನವಿತ್ತು. ವೈದ್ಯರು ಪ್ಲಾಸ್ಟರ್ ಹಾಕಿ ಎರಡು ತಿಂಗಳು ಎಂದಿದ್ದರು. ಬುಧವಾರ ಇಸೋಬೆ ಪ್ಲಾಸ್ಟರನ್ನು ತಾನೇ ಗರಗಸದಿಂದ ಕೊಯ್ದು ತೆಗೆದು, ಮೊಣಕೈಗೆ ಅಂಟುಪಟ್ಟಿ ಸುತ್ತಿಕೊಂಡು ಬಂದ. ಕೈ ತೊಡೆಯಷ್ಟು ಊದಿತ್ತು. ನೇರ ಹೊರಿಗುಚಿಯ ಮುಂದೆ ಬಂದು ನಿಂತ.

"ನಿಂಗೆ ಕೆಲಸ ಇದೆ. ಎಡಗಡೆ ಬಿಚ್ತೀನಿ ಅಂತ ನಂಗೆ ಗೊತ್ತೇ ಇರ್ಲಿಲ್ಲ ಕಣೋ. ಇಷ್ಟು ದಿನ ಹೇಳ್ಲಿಲ್ಲ ನೀನು. ಈಗ ದಿನಾ ಅಲ್ಲೇ ಬಾ."

"ಆ ಕೈನಾ? ಹುಚ್ಚು ಹಿಡಿದಿದ್ಯಾ? ಪೂರ್ತಿ ಹೋಗುತ್ತೆ ಅದು."

"ಪಂದ್ಯದಲ್ಲಿ ಎದುರು ಬರೋರು ಮೊದಲು ಈ ಪಟ್ಟಿನೇ ನೋಡ್ತಾರೆ. ಇಲ್ಲಿ ಅಭ್ಯಾಸ ಆಗ್ಲಿಲ್ಲ ಅಂದ್ರೆ ಅಲ್ಲಿ ಬಡೀತೀನಿ." ಇಸೋಬೆ ಸ್ವಲ್ಪ ನಕ್ಕ. "ನಿನ್ ಥರ."

ಹೊರಿಗುಚಿ ನಾಯಕನ ಕಡೆ ನೋಡಿದ. ಕುಸಕಾಬೆ ಆ ತುದಿಯಲ್ಲಿ ಹೊಸಬನೊಬ್ಬನ ಕತ್ತು ಬಿಗಿಯುತ್ತಿದ್ದವನು ತಲೆಯೆತ್ತಿ, "ಮಾಡೋ," ಎಂದ. "ಮತ್ತೆ ಯಾತಕ್ಕಿದೀಯ ನೀನು?"

ಇಸೋಬೆ ಮಂಡಿಯೂರಿದ. ಎಡಗೈ ನೆಲಕ್ಕೆ ಮುಟ್ಟುವಂತಿರಲಿಲ್ಲ. ಒಂದೇ ಕೈ ಊರಿ, ಹಣೆ ತಗ್ಗಿಸಿ, ಅಭ್ಯಾಸಕ್ಕೆ ಮುಂಚೆ ಯಾರಿಗಾದರೂ ಹೇಳುವ ಮಾತನ್ನೇ ಹೇಳಿದ: "ದಯವಿಟ್ಟು ಕಲಿಸಿಕೊಡಿ." ಹೊರಿಗುಚಿಯೂ ಮಂಡಿಯೂರಿ ಎರಡು ಕೈ ಊರಿ ಅದನ್ನೇ ಹೇಳಬೇಕಾಯಿತು.

ಇಸೋಬೆ ಆಮೆಯಾದ. ಹೊರಿಗುಚಿ ಅವನ ಬಲ ಭುಜದ ಮೇಲೆ ಎದೆಯೂರಿ ಕಾದ. ಉಸಿರು ಹೊರಬಂತು, ಮೊಣಕೈ ಸರಿಯಿತು. ಎರಡು ವರ್ಷದ ಅಭ್ಯಾಸ ನಾಲ್ಕು ದಿನದಲ್ಲಿ ಹೋಗುವಂಥದ್ದಲ್ಲ. ಹೊರಿಗುಚಿ ಉರುಳಿಸಿ, ಬಿಸಿಯಾಗಿ ಬಿಗಿದಿದ್ದ ಆ ತೋಳನ್ನು ಎರಡು ಕೈಯಲ್ಲೂ ಹಿಡಿದು, ಆದಷ್ಟು ಮೆಲ್ಲಗೆ ಎತ್ತಿದ.

"ಮೋಸ ಮಾಡ್ಬೇಡ," ಎಂದ ಇಸೋಬೆ ಚಾವಣಿ ನೋಡುತ್ತ. "ಕುಸಕಾಬೆಸಾನ್‌ಗೆ ಹೇಳ್ಕೊಟ್ಟ ಹಾಗೆ ಎತ್ತು."

ಹೊರಿಗುಚಿ ಹೆಬ್ಬೆರಳು ಎತ್ತ ನೋಡುತ್ತಿದೆ ಎಂದು ನೋಡಿ, ಹಿಡಿತ ಸರಿಪಡಿಸಿಕೊಂಡು ಎತ್ತಿದ. ಇಸೋಬೆಯ ಹಿಮ್ಮಡಿಗಳು ಚಾಪೆಯನ್ನು ಕೆರೆದವು. ಸ್ವಲ್ಪ ಹೊತ್ತಿಗೆ ಅವನು ಪಕ್ಕಕ್ಕೆ ಹೊರಳಿ ವಾಂತಿ ಮಾಡಿಕೊಂಡ. ಹೊಸಬನೊಬ್ಬ ಒರೆಸಲು ಬಟ್ಟೆ ತಂದ. ಇಸೋಬೆ ಬಾಯಿ ಒರೆಸಿಕೊಂಡು, ಬಣ್ಣಗೆಟ್ಟ ಮುಖದಲ್ಲಿ ಮತ್ತೆ ಮಂಡಿಯೂರಿ, ಒಂದೇ ಕೈ ಊರಿ ನಮಸ್ಕರಿಸಿದ.

ಹೊರಿಗುಚಿ ಎದುರು ಕೂತು ನಮಸ್ಕಾರಕ್ಕೆ ತಲೆ ಬಗ್ಗಿಸಿದ. ಆರೂವರೆಗೆ ಅಭ್ಯಾಸ ಮುಗಿಯುವವರೆಗೆ ಅವರಿಬ್ಬರೂ ಬೇರೇನನ್ನೂ ಮಾಡಲಿಲ್ಲ.