ಎಡಕ್ಕೆ ತಿರುಗಿದ ಹೂವು

ಡೊಂಬಿವಲಿ ಪೂರ್ವದ ಆ ಕಟ್ಟಡಕ್ಕೆ ಟಿವಿ ಬಂದದ್ದೇ ತಡ, ಟಿವಿಗೆ ಹೊದಿಕೆ ಬೇಕಾಯಿತು. ಪೆಟ್ಟಿಗೆಗೆ ಮರದ ಬಾಗಿಲಿತ್ತು, ಬಾಗಿಲಿಗೆ ಬೀಗವೂ ಇತ್ತು. ಆದರೂ ಮೇಲೊಂದು ದಾರದಲ್ಲಿ ಹೆಣೆದ ಬಿಳಿ ಕ್ರೋಶಾ ಹೊದಿಕೆ ಇಳಿಬಿಡದಿದ್ದರೆ ಆ ಮನೆಯ ಹೆಂಗಸಿಗೆ ಕೈಕೆಲಸ ಬಾರದೆಂದೇ ಅರ್ಥ. ಎಂಬತ್ತೆರಡು ಎಂಬತ್ತಮೂರರ ಮಾತಿದು. ಮೊದಲ ಮಾಳಿಗೆಯ ದ್ರೌಪದಿಬಾಯಿ ಬಿಜಾಪುರದ ಕಡೆಯವರು, ಕನ್ನಡ ಶಾಲೆಯ ಟೀಚರು. ಮಂಗಳವಾರ ಮಧ್ಯಾಹ್ನ ತಮ್ಮ ಮನೆಯಲ್ಲೇ ಕ್ರೋಶಾ ಕಲಿಸುತ್ತಿದ್ದರು. ಅವರಲ್ಲಿದ್ದದ್ದು ನಾಲ್ಕು ಮಡಚುವ ಕುರ್ಚಿ. ಹಾಗಾಗಿ ಆ ಮಂಡಳಿಯಲ್ಲಿಯೂ ನಾಲ್ವರೇ: ದ್ರೌಪದಿಬಾಯಿ, ಅವರ ಎದುರು ಮನೆಯ ಹಿರಿಯ ಮರಾಠಿ ಹೆಂಗಸು ಪೆಂಡ್ಸೆ ಕಾಕು, ಎರಡನೆಯ ಮಾಳಿಗೆಯ ಜಯಲತಾ, ಮೂರನೆಯ ಮಾಳಿಗೆಯ ಪುಷ್ಪಾವತಿ.

ಪುಷ್ಪಾವತಿ ಉಡುಪಿಯವಳು. ಅವಳ ಕೈಯಲ್ಲಿ ಅಡುಗೆ ಚೆನ್ನಾಗಿ ಆಗುತ್ತಿತ್ತು, ಕ್ರೋಶಾ ಮಾತ್ರ ಆಗುತ್ತಿರಲಿಲ್ಲ. ಬಾವಿಯಿಂದ ನೀರು ಸೇದುವವರ ಹಾಗೆ ಅವಳು ದಾರ ಎಳೆಯುತ್ತಿದ್ದಳು. ಆ ಬಿಗಿಗೆ ಒಳಹೋದ ಕೊಕ್ಕೆಸೂಜಿ ಹೊರಗೆ ಬರಲು ಒಪ್ಪುತ್ತಿರಲಿಲ್ಲ. ಚಪ್ಪಟೆಯಾಗಬೇಕಿದ್ದ ಅವಳ ಮೊದಲ ಚಕ್ರ ಮುದುಡಿ ಬಟ್ಟಲಾಯಿತು.

“ಪುಷ್ಪಕ್ಕ, ಇದು ಬಾಲಕೃಷ್ಣನ ಟೊಪ್ಪಿಯಾ?” ಎಂದು ಜಯಲತಾ ಕೇಳಿದ್ದಳು.

ಆದರೂ ಪುಷ್ಪಾವತಿ ಒಂದು ಮಂಗಳವಾರವನ್ನೂ ತಪ್ಪಿಸುತ್ತಿರಲಿಲ್ಲ. ಅಲ್ಲಿ ಕುಳಿತು ಅವಳು ಗಂಡನ ನಕಲು ಮಾಡುತ್ತಿದ್ದಳು. ಗಂಡ ಮುಂಡಪ್ಪ ರಬಾಳೆಯ ಒಂದು ಕಾರ್ಖಾನೆಯಲ್ಲಿ ತಯಾರಾದ ಮಾಲಿನ ತಪಾಸಣೆ ಮಾಡುವವನು. ಹಗಲೆಲ್ಲ ತಪ್ಪು ಹುಡುಕುವುದೇ ಅವನ ಕೆಲಸ. ಮನೆಗೆ ಬಂದ ಮೇಲೂ ಡ್ಯೂಟಿ ಮುಗಿಯುತ್ತಿರಲಿಲ್ಲ. ದೋಸೆಯನ್ನು ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, “ರಿಜೆಕ್ಟ್!” ಎನ್ನುವ ಮುಂಡಪ್ಪನನ್ನು ಅವಳು ಮಾಡಿ ತೋರಿಸಿದರೆ ಪೆಂಡ್ಸೆ ಕಾಕು ಸೆರಗು ಬಾಯಿಗೆ ತುರುಕಿಕೊಂಡು ನಗುತ್ತಿದ್ದರು. ವಾರವಿಡೀ ನೀರು, ಸೀಮೆಎಣ್ಣೆ, ರೇಷನ್ನು ಎಂದು ಓಡಾಡುವ ಪುಷ್ಪಾವತಿ ಮನಸ್ಸು ಬಿಚ್ಚಿ ನಗುತ್ತಿದ್ದದ್ದು ಆ ಒಂದು ಮಧ್ಯಾಹ್ನ ಮಾತ್ರ. ಆ ಕುರ್ಚಿ ಅವಳಿಗೆ ಅಷ್ಟು ಬೇಕಾಗಿತ್ತು.

ಆ ಕುರ್ಚಿಗೇ ಕುತ್ತು ಬಂತು. ದೀಪಾವಳಿ ಕಳೆದ ಮೇಲೆ ದ್ರೌಪದಿಬಾಯಿ ಹೊಸ ಕಾನೂನು ತಂದರು.

“ಸಂಕ್ರಾಂತಿ ಅರಿಷಿಣ ಕುಂಕುಮಕ್ಕ ಎಲ್ಲಾರ ಟಿವಿ ಹೊದಿಕಿ ಮುಗೀಬೇಕು ನೋಡ್ರಿ. ಮುಗಸಲಿಲ್ಲಂದ್ರ ಕುರ್ಚಿ ಬಿಟ್ಟುಕೊಡ್ರಿ. ಬಿಲ್ಡಿಂಗ್ ಸೆಕ್ರೆಟರಿ ಹೆಂಡ್ತಿ ಎಂದಿನಿಂದನೋ ಕಾಯಲಿಕ್ಕತ್ತಾರ.”

ಪುಷ್ಪಾವತಿ ಅಂದಿನಿಂದಲೇ ಮನೆಯಲ್ಲೂ ಹೆಣೆಯಲು ಕುಳಿತಳು. ಅದೇ ವಾರ ಕಾರ್ಖಾನೆಯಲ್ಲಿ, ಗಟ್ಟಿಯಾಗಿ ನಿಂತಿದೆಯೋ ಇಲ್ಲವೋ ಎಂದು ಮುಂಡಪ್ಪ ಒದ್ದು ನೋಡಿದ ಡ್ರಮ್ಮು ಅವನ ಪಾದದ ಮೇಲೆಯೇ ಉರುಳಿತು. ಕಾಲಿಗೆ ಪ್ಲಾಸ್ಟರ್ ಹಾಕಿ ಮನೆಗೆ ಕಳಿಸಿದರು. ಮನೆಯಲ್ಲಿ ತಪಾಸಣೆಗೆ ಹೆಂಡತಿಯೊಬ್ಬಳೇ ಸಿಕ್ಕಿದಳು. ಇಬ್ಬರೂ ಮಾತಾಡುತ್ತಿದ್ದದ್ದು ತುಳು. ಕನ್ನಡದಲ್ಲಿ ಹೇಳುವುದಾದರೆ ಅವನು ಅಂದದ್ದು ಹೀಗೆ:

“ಎಂತ ಮಾರಾಯ್ತಿ ಇದು? ಒಂದು ಕಂಬ ಉದ್ದ, ಒಂದು ಕಂಬ ಗಿಡ್ಡ! ರಿಜೆಕ್ಟ್! ಇಲ್ಲಿ ಕೊಡು.”

ದ್ರೌಪದಿಬಾಯಿಯ ಪಾಠದಲ್ಲಿ ಸಣ್ಣ ಕುಣಿಕೆಗಳು ಸರಪಳಿ, ಎತ್ತರದ್ದು ಕಂಬ. ಹೆಂಡತಿ ಗೊಣಗುತ್ತಾ ಎಣಿಸುವುದನ್ನು ಕೇಳಿ ಕೇಳಿಯೇ ಅವನಿಗೆ ಅವು ಬಾಯಿಪಾಠವಾಗಿದ್ದವು. ಊಟವೊಂದನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ಎಡಗೈಯಲ್ಲಿ ಮಾಡುವ ಮನುಷ್ಯ, ಸೂಜಿಯನ್ನೂ ಎಡಗೈಯಲ್ಲೇ ಹಿಡಿದ. ಸಂಜೆಯ ಹೊತ್ತಿಗೆ ಅವನ ತೊಡೆಯ ಮೇಲೆ ಒಂದು ಹೂವು ಅರಳಿತ್ತು, ಅಚ್ಚಿನಲ್ಲಿ ತೆಗೆದಷ್ಟು ಸಮನಾಗಿ. ಪುಷ್ಪಾವತಿ ಅದನ್ನು ನೋಡಿದಳು, ಗಂಡನ ಮುಖ ನೋಡಿದಳು, ಹೊಸ ದಾರದ ಉಂಡೆ ತಂದು ಪಕ್ಕಕ್ಕಿಟ್ಟಳು.

“ಹೊರಗೆ ಬಾಯಿ ಬಿಟ್ಟರೆ ನೋಡು,” ಎಂದ ಮುಂಡಪ್ಪ. “ಕಾರ್ಖಾನೆಯಲ್ಲಿ ನನಗೆ ಸೀರೆ ಉಡಿಸಿಯಾರು.”

ಅಲ್ಲಿಂದ ಮಂಗಳವಾರ ಮಂಗಳವಾರ ಹೊದಿಕೆ ಬೆಳೆಯಿತು. “ಅಗ ಬಾಯಿ, ಕಿತಿ ಸುಂದರ!” ಎಂದು ಕಾಕು ತಮ್ಮ ಮರಾಠಿಯಲ್ಲಿ ಹೊಗಳಿ, ಕೈ ತಿರುಗಿಸಿ ದೃಷ್ಟಿ ತೆಗೆದರು. ಜಯಲತಾ ಹೊಟ್ಟೆಕಿಚ್ಚನ್ನು ಮುಚ್ಚಿಡಲಿಲ್ಲ. ಅಲ್ಲಿದ್ದಷ್ಟು ಹೊತ್ತು ಪುಷ್ಪಾವತಿ ಸೂಜಿ ಆಡಿಸುವ ನಟನೆ ಮಾಡಿ, ಹೊಗಳಿಕೆಯನ್ನೆಲ್ಲ ತಲೆ ತಗ್ಗಿಸಿ ತನ್ನ ಸೆರಗಿಗೆ ಹಾಕಿಕೊಂಡು ಬರುತ್ತಿದ್ದಳು. ಮೇಲೆ ಮುಂಡಪ್ಪ ಬಾಗಿಲಿಗೇ ಕಣ್ಣಿಟ್ಟು ಕೂತಿರುತ್ತಿದ್ದ.

“ಎಂತ ಹೇಳಿದರು?”

“ಎಂತ ಇಲ್ಲ. ಪರವಾಗಿಲ್ಲ ಅಂದರು.”

“ಪರವಾಗಿಲ್ಲವಾ!” ಅವನು ನಾಲ್ಕು ಸುತ್ತು ಬಿಚ್ಚಿ ಮತ್ತೆ ಹೆಣೆಯುತ್ತಿದ್ದ. ಪುಷ್ಪಾವತಿ ಅಡುಗೆಮನೆಗೆ ಹೋಗಿ ಹಿಟ್ಟಿನ ಡಬ್ಬಿಯ ಹಿಂದೆ ಮುಖ ಮರೆಸಿ ನಗುತ್ತಿದ್ದಳು. ಇಷ್ಟು ವರ್ಷ ರಿಜೆಕ್ಟಾದ ದೋಸೆಗಳಿಗೆಲ್ಲ ಅವಳು ಬಡ್ಡಿ ಸಮೇತ ವಸೂಲಿ ಮಾಡುತ್ತಿದ್ದಳು.

ಸಂಕ್ರಾಂತಿಗೆ ಮುಂಚಿನ ಮಂಗಳವಾರ ನಾಲ್ಕೂ ಹೊದಿಕೆಗಳನ್ನು ದ್ರೌಪದಿಬಾಯಿಯ ಮಂಚದ ಮೇಲೆ ಸಾಲಾಗಿ ಹಾಸಿದರು. ಎಲ್ಲದರ ನಡುವೆಯೂ ಒಂದೇ ನಮೂನೆಯ ಹೂವು, ಗಾಳಿಗೆ ತಿರುಗುವಂತೆ ಓರೆಯಾದ ಎಸಳುಗಳು. ದ್ರೌಪದಿಬಾಯಿ ಕನ್ನಡಕ ಏರಿಸಿ ಒಂದೊಂದನ್ನೇ ನೋಡುತ್ತಾ ಬಂದವರು ಪುಷ್ಪಾವತಿಯದರ ಮುಂದೆ ನಿಂತುಬಿಟ್ಟರು.

“ಪುಷ್ಪಕ್ಕಾರ, ನೀವು ಸೂಜಿ ಹಿಡಿಯೂದು ಬಲಗೈಯಾಗ ಹೌದಲ್ರಿ?”

“ಹೌದು ಟೀಚರೇ.”

“ನಮ್ಮೆಲ್ಲಾರ ಹೂವು ಬಲಕ್ಕ ತಿರಗ್ಯಾವ. ನಿಮ್ಮದೊಂದ ಎಡಕ್ಕ ಹ್ಯಾಂಗ ತಿರಗಿತು? ಎಡಗೈಯವರು ಹೆಣದ್ರ ಹಂಗಾಗತದ. ಒಂದೀಟು ಇಲ್ಲೇ ಹಾಕಿ ತೋರಸ್ರಿ, ನೋಡೋಣು.”

ಪುಷ್ಪಾವತಿ ದಾರದ ಉಂಡೆಯನ್ನು ಹತ್ತಿರಕ್ಕೆಳೆದುಕೊಂಡಳು. ಸೂಜಿಯನ್ನು ಆ ಕೈಗೆ ತೆಗೆದುಕೊಂಡಳು, ಈ ಕೈಗೆ ತೆಗೆದುಕೊಂಡಳು. ಅಷ್ಟರಲ್ಲಿ ಯಾರೋ ಬಾಗಿಲು ಬಡಿದರು. ನಿಂತಿದ್ದವನು ಮುಂಡಪ್ಪ! ಹೊಗಳಿಕೆಯ ಒಂದು ಹನಿಯೂ ಸಿಗದೆ ಬಾಯಾರಿದ್ದ ಮನುಷ್ಯ, ಕೊನೆಯ ದಿನವಾದರೂ ಕಣ್ಣಾರೆ ನೋಡಬೇಕೆಂದು ಎರಡು ಮಾಳಿಗೆಯ ಮೆಟ್ಟಿಲನ್ನು ಕೂತು ಕೂತೇ ಇಳಿದು ಬಂದಿದ್ದ. ಲುಂಗಿಯ ಹಿಂಭಾಗ ಕಟ್ಟಡದ ಕಸವನ್ನೆಲ್ಲ ಗುಡಿಸಿತ್ತು.

“ಬೀಗದ ಕೈ ಬೇಕಿತ್ತು,” ಎಂದ.

ಮನೆಯೊಳಗಿದ್ದವನಿಗೆ ಬೀಗದ ಕೈ ಯಾಕೆಂದು ಯಾರೂ ಕೇಳಲಿಲ್ಲ. ಅವನ ಕಣ್ಣು ಮಂಚದ ಮೇಲೆ ನೆಟ್ಟಿದ್ದನ್ನು ದ್ರೌಪದಿಬಾಯಿ ಕಂಡರು. ತರಗತಿಯಲ್ಲಿ ಕಳ್ಳರನ್ನು ಹಿಡಿದೇ ಪಳಗಿದವರು ಅವರು. ಎಡಕ್ಕೆ ತಿರುಗಿದ ಹೊದಿಕೆಯ ಅಂಚನ್ನು ಎರಡು ಬೆರಳಲ್ಲಿ ಎತ್ತಿ ನಿಟ್ಟುಸಿರು ಬಿಟ್ಟರು.

“ಛಂದ ಏನೋ ಆಗೇದ. ಆದ್ರ ಈ ಸುತ್ತಿನಾಗ ಒಂದು ಕಂಬ ತಪ್ಪೇದ.”

ಯಾವ ಕಂಬವೂ ತಪ್ಪಿರಲಿಲ್ಲ. ಪುಷ್ಪಾವತಿಗೆ ಬಲೆ ಕಂಡಿತು. “ಹೌದು ಟೀಚರೇ, ತಪ್ಪಿದೆ, ತಪ್ಪಿದೆ,” ಎಂದು ಗಂಡನಿಗೆ ಕಣ್ಣು ಮಿಟುಕಿಸಿದಳು, ಮುಖ ಕಿವುಚಿದಳು. ಅವನು ಅತ್ತ ನೋಡಿದರೆ ತಾನೆ!

“ಎಲ್ಲಿ? ಎಲ್ಲಿ ತಪ್ಪಿದೆ? ಆ ಸುತ್ತನ್ನು ನಾನು ಎರಡು ಸಲ ಬಿಚ್ಚಿ ಹಾಕಿದ್ದು!”

ಮೊದಲು ಕಾಕುವಿನ ಸೆರಗು ಬಾಯಿಗೆ ಹೋಯಿತು, ಆಮೇಲೆ ಜಯಲತಾಳದು. ದ್ರೌಪದಿಬಾಯಿ ಮಾತ್ರ ನಗಲಿಲ್ಲ. ಅವರಿಗೆ ನಿಜವಾಗಿಯೂ ಸಿಟ್ಟು ಬಂದಿತ್ತು.

“ಹೊದಿಕಿ ಮುಗಿಸಿದವರಿಗೆ ಕುರ್ಚಿ ಅಂತ ನಾನ ಹೇಳೀನಿ. ಇದನ್ನ ಮುಗಿಸಿದವರು ಇವರು. ಮುಂದಿನ ಮಂಗಳವಾರದಿಂದ ನೀವ ಬರ್ರಿ, ಮುಂಡಪ್ಪನವರ.”

ಪುಷ್ಪಾವತಿ ತಲೆಯೆತ್ತದೆ ಮೆಟ್ಟಿಲು ಹತ್ತಿದಳು. ಮನೆ ಸೇರಿ, ನಲ್ಲಿ ಬಿಟ್ಟು, ಆ ಸದ್ದಿನಲ್ಲಿ ಅತ್ತಳು. ಸುಳ್ಳು ಹೇಳಿದ್ದಕ್ಕೆ ನಾಚಿಕೆಯಾಗಿತ್ತು ನಿಜ. ಅದಕ್ಕಿಂತ ಹೆಚ್ಚಾಗಿ, ಆ ಮೂವರಿಲ್ಲದ ಮಂಗಳವಾರಗಳು ಅವಳಿಗೆ ಬೇಡವಾಗಿದ್ದವು. “ಛೆ, ಹೆಂಗಸರ ನಡುವೆ ನಾನು ಹೋಗುವುದಾ?” ಎಂದು ಮುಂಡಪ್ಪ ವಾರವಿಡೀ ಹೇಳಿದ. ಮಂಗಳವಾರ ಬೆಳಿಗ್ಗೆ ಎದ್ದವನೇ ಗಡ್ಡ ಹೆರೆದುಕೊಂಡ. ಪ್ಲಾಸ್ಟರ್ ಬಿಚ್ಚಿದ್ದರು, ಡ್ಯೂಟಿಗೆ ಹೋಗಲು ಇನ್ನೂ ದಿನವಿತ್ತು. ಕೋಲೂರಿಕೊಂಡು ಇಳಿದು ಹೋದ.

ಅವಳು ಮನೆ ಮುಂದಿನ ಗ್ಯಾಲರಿಯಲ್ಲಿ ನಿಂತು ಕಿವಿಗೊಟ್ಟಳು. ಕೆಳಗಿನಿಂದ ನಗು ಬರಲಿಲ್ಲ, ಮಾತೂ ಬರಲಿಲ್ಲ. ಮಂಗಳವಾರ ಮಧ್ಯಾಹ್ನ ಆ ಕಟ್ಟಡದಲ್ಲಿ ಪಾರಿವಾಳಗಳಿವೆಯೆಂದು ಅವಳಿಗೆ ಗೊತ್ತಾದದ್ದೇ ಅವತ್ತು. ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ದ್ರೌಪದಿಬಾಯಿ ಏದುಸಿರು ಬಿಡುತ್ತಾ ನಿಂತಿದ್ದರು.

“ನಡೀರಿ ಕೆಳಗ.”

“ನನಗೆ ಕ್ರೋಶಾ ಬರುವುದಿಲ್ಲ, ಟೀಚರೇ.”

“ಅದು ನನಗ ಮೊದಲನೇ ದಿನಾನ ಗೊತ್ತಾಗೇದ, ಬಿಡ್ರಿ. ನಿಮ್ಮ ಯಜಮಾನ್ರು ಬಂದು ಕುಂತಾಗಿಂದ ಒಬ್ಬಾಕಿನೂ ಬಾಯಿ ಬಿಟ್ಟಿಲ್ಲ. ಕಾಕೂಂದು ರಿಜೆಕ್ಟ್, ಜಯಲತಾಂದು ರಿಜೆಕ್ಟ್. ನನ್ನದೂ ರಿಜೆಕ್ಟ್ ಅಂದ್ರಲ್ರಿ, ನನ್ನದೂ! ಕ್ರೋಶಾ ನಾವು ಮನ್ಯಾಗ ಒಬ್ಬೊಬ್ಬರ ಕುಂತೂ ಹಾಕತೀವಿ. ನೀವು ಬರ್ರಿ.”

“ಕುರ್ಚಿ ನಾಲ್ಕೇ ಅಲ್ವಾ?”

“ನನ್ನ ಕುರ್ಚಿ ತಗೋರಿ. ನಾ ಮಂಚದ ಮ್ಯಾಲೆ ಕೂಡತೀನಿ.”

ಕೆಳಗೆ ಮುಂಡಪ್ಪ ಒಂದು ದೊಡ್ಡ ಸುತ್ತಿನ ನಡುವಿದ್ದ. ತುಟಿ ಎಣಿಸುತ್ತಿತ್ತು. ಹೆಂಡತಿಯನ್ನು ಕಂಡು ಹುಬ್ಬು ಗಂಟಿಕ್ಕಿದ, ಆದರೆ ಮಾತಾಡಲಿಲ್ಲ. ಈಗ ಬಾಯಿ ತೆರೆದರೆ ಎಣಿಕೆ ತಪ್ಪುತ್ತದೆ, ಸುತ್ತನ್ನೆಲ್ಲ ಬಿಚ್ಚಬೇಕಾಗುತ್ತದೆ. ಅಷ್ಟು ಕ್ರೋಶಾ ಪುಷ್ಪಾವತಿಗೂ ಗೊತ್ತಿತ್ತು. ದ್ರೌಪದಿಬಾಯಿಯ ಕುರ್ಚಿಯಲ್ಲಿ ಸೆರಗು ಸರಿಮಾಡಿಕೊಂಡು ಕುಳಿತಳು.

“ಇವತ್ತು ನಮ್ಮಲ್ಲಿ ಎಂತ ಆಯಿತು ಗೊತ್ತುಂಟಾ? ಇಲ್ಲಿಗೆ ಬರಲಿಕ್ಕೆ ಇವರು ಮೂರು ಶರ್ಟು ಬದಲಾಯಿಸಿದರು! ಒಂದೊಂದನ್ನೂ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ...”

“ರಿಜೆಕ್ಟ್!” ಎಂದು ಜಯಲತಾ ಕೂಗಿದಳು.

“ಆಮೇಲೆ ನನ್ನ ಪೌಡರ್ ಡಬ್ಬಿ ತೆಗೆದು, ಕುತ್ತಿಗೆಗೆ ಹೀಗೆ, ಹೀಗೆ...”

ಕಾಕುವಿನ ದಾರದ ಉಂಡೆ ಮಂಚದಡಿಗೆ ಉರುಳಿತು. ಯಾರೂ ಎತ್ತಲಿಲ್ಲ. ಮುಂಡಪ್ಪನ ಕಿವಿ ಕೆಂಪಾಯಿತು, ತುಟಿ ಇನ್ನೂ ವೇಗವಾಗಿ ಎಣಿಸತೊಡಗಿತು. ಪುಷ್ಪಾವತಿಗೆ ಕಣ್ಣು ತುಂಬಿ ಬಂತು. ಹೊದಿಕೆಯೊಂದಿದ್ದರೆ ಮಾತ್ರ ಇವರು ತನ್ನನ್ನು ಕೂರಿಸಿಕೊಳ್ಳುತ್ತಾರೆಂದು ಎಷ್ಟು ದಿನ ಹೆದರಿ ಸತ್ತಿದ್ದಳು! ಅವರಿಗೆ ಬೇಕಾಗಿದ್ದವಳು ಅವಳೇ. ಆ ಸಂತೋಷಕ್ಕೆ ಕಥೆಗೆ ಇನ್ನಷ್ಟು ಉಪ್ಪು ಖಾರ ಬಿತ್ತು.

ಸುತ್ತು ಮುಗಿಯಿತು. ಮುಂಡಪ್ಪ ಸೂಜಿ ಕೆಳಗಿಟ್ಟ. ನಗು ತಟ್ಟನೆ ನಿಂತಿತು. ಪುಷ್ಪಾವತಿಯೂ ಕಥೆ ನಿಲ್ಲಿಸಿ ಅವನ ಮುಖ ನೋಡಿದಳು.

“ಮೂರಲ್ಲ,” ಎಂದ ಅವನು. “ಎರಡೇ ಶರ್ಟು. ಹೇಳುವುದಾದರೆ ಸರಿಯಾಗಿ ಹೇಳು, ಮಾರಾಯ್ತಿ.”