ನಂಟರಿಲ್ಲದ ಊರು

ಮದುವೆಯಾಗಿ ಹನ್ನೊಂದು ವರ್ಷದಲ್ಲಿ ನಾವು ಹೋದ ಪ್ರವಾಸಗಳೆಲ್ಲ ನಂಟರ ಮನೆಯಲ್ಲೇ ಮುಗಿದಿವೆ. ಮೈಸೂರಿಗೆ ಹೋದರೆ ನಾದಿನಿ ಮನೆ, ತುಮಕೂರಿಗೆ ಹೋದರೆ ನನ್ನ ಗಂಡನ ಸೋದರಮಾವನ ಮನೆ. ಎಲ್ಲಿ ಹೋದರೂ ಐದೂವರೆಗೆ ಎದ್ದು, ಸ್ನಾನ ಮುಗಿಸಿ, "ಬೇಡ ಬಿಡಮ್ಮ" ಅನ್ನಿಸಿಕೊಳ್ಳುತ್ತಲೇ ತರಕಾರಿ ಹೆಚ್ಚಬೇಕು. ನಂಟರಿರುವ ಊರಿನಲ್ಲಿ ರೂಮು ಮಾಡಿದರೆ ನಮ್ಮವರಿಗೆ ಅದು ಅವಮಾನ. ಹತ್ತು ವರ್ಷ ಬಿಟ್ಟು ಯಾವುದೋ ಮದುವೆಯ ಪಂಕ್ತಿಯಲ್ಲಿ ಅದನ್ನೇ ಎತ್ತಿ ಆಡುತ್ತಾರೆ.

ಹಾಗಾಗಿ ಶಿವರಾತ್ರಿ ಕಳೆದು ಎರಡು ದಿನ ಒಟ್ಟಿಗೆ ರಜೆ ಬಂದಾಗ ನಾನು ಕೇಳಿದ್ದು ಇಷ್ಟೇ: ಈ ಎರಡು ದಿನ ನಾನು ಯಾರ ಸೊಸೆಯೂ ಆಗಿರಬಾರದು. ಎಂಟರವರೆಗೆ ಮಲಗಬೇಕು. ಒಂದು ಲೋಟ ವೈನು ಕುಡಿದು ನೋಡಬೇಕು. ಮಾಗಡಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು ನಾನು. ಹುದುಗುವಿಕೆಯ ಪಾಠ ವರ್ಷ ವರ್ಷ ಮಾಡುತ್ತೇನೆ, ರುಚಿ ಗೊತ್ತಿರುವುದು ಮಾತ್ರ ದೋಸೆಹಿಟ್ಟಿನದು.

"ಆಯ್ತು, ಎಲ್ಲಿ ಉಳ್ಕೊಳ್ಳೋದು ಅಂತ ನೀನೇ ನೋಡು ರಕ್ಷಿತಾ," ಎಂದರು ನನ್ನ ಗಂಡ ಉದಯಶಂಕರ್. ಅವರದು ಪೈಪು, ಮೋಟಾರಿನ ಅಂಗಡಿ. ರಜೆ ಎಂದರೆ ಅವರಿಗೆ ಅರ್ಧ ಶಟರ್ ಎಳೆಯುವುದು.

ಚನ್ನಪಟ್ಟಣದ ಆಚೆ ವೈನು ತಯಾರಿಸುವ ಫ್ಯಾಕ್ಟರಿಯೊಂದಿದೆ. ಸುತ್ತ ದ್ರಾಕ್ಷಿ ತೋಟ. ಮೊಬೈಲಿನಲ್ಲಿ ಮೂರು ಜಾಗ ಸಿಕ್ಕವು. ತೋಟದೊಳಗಿನ ರೆಸಾರ್ಟಿನಲ್ಲಿ ಬಚ್ಚಲಿಗೂ ಗಾಜಿನ ಗೋಡೆ. ಗಂಡನ ಮುಂದೆಯೂ ಅಷ್ಟು ಪಾರದರ್ಶಕತೆ ನನಗೆ ಬೇಡ. ಹೈವೇ ಪಕ್ಕದ ಲಾಡ್ಜಿನ ಫೋಟೋಗಳಲ್ಲಿ ಟೇಬಲ್ಲಿನ ಮೇಲಿನ ಮರದ ಕುದುರೆಯೊಂದೇ ಚೆನ್ನಾಗಿತ್ತು. ಮೂರನೆಯದು ಫ್ಯಾಕ್ಟರಿಗೆ ದ್ರಾಕ್ಷಿ ಕೊಡುವ ರೈತರೊಬ್ಬರ ಹೋಂಸ್ಟೇ. ಆ ದಿಕ್ಕಿನಲ್ಲಿ ನಮ್ಮವರು ಯಾರೂ ಇಲ್ಲವೆಂದು ನಮ್ಮತ್ತೆಯ ಬಾಯಿಂದಲೇ ಉಪಾಯವಾಗಿ ಹೊರಡಿಸಿ, ಅದನ್ನೇ ಬುಕ್ ಮಾಡಿದೆ. ಫಾರಂನಲ್ಲಿ 'ವಿಶೇಷ ಕೋರಿಕೆ' ಎಂಬ ಜಾಗವಿತ್ತು. ಬರೆದೆ: ಒಂದು, ಎಂಟರವರೆಗೆ ಯಾರೂ ಎಬ್ಬಿಸಬಾರದು. ಎರಡು, ವೈನು ಎಲ್ಲಿ ಕೂತು ಕುಡಿಯಬಹುದು ತಿಳಿಸಿ.

ಹಿಂದಿನ ದಿನ ನನ್ನ ಗಂಡ ದಾರಿ ಕೇಳಲು ಫೋನು ಮಾಡಿದರು. ದಾರಿಯನ್ನಷ್ಟೇ ಕೇಳಿ ಇಟ್ಟಿದ್ದರೆ ಇವರ ಗಂಟೇನು ಹೋಗುತ್ತಿತ್ತೋ ಕಾಣೆ. ಹೆಸರಿನ ಜೊತೆ ತಮ್ಮ ಹಿರಿಯರ ಊರು ಕಲ್ಯವನ್ನೂ ಹೇಳಿದರು.

"ಕಲ್ಯದಲ್ಲಿ ಯಾರ ಪೈಕಿ?" ಎಂದರು ಆ ಕಡೆಯಿಂದ ಮನೆಯ ಯಜಮಾನರು ಪರಮಶಿವಯ್ಯ.

ಬೇಡ ಬೇಡವೆಂದು ನಾನು ಕೈ ಆಡಿಸಿದೆ. ಇವರು ತಾತನ ಹೆಸರು ಹೇಳಿಯೇಬಿಟ್ಟರು.

"ಅಯ್ಯೋ, ನಿಮ್ ತಾತನೂ ನಮ್ಮಪ್ಪನೂ ದಾಯಾದಿಗಳು ಕಣ್ಲಾ! ನಾನು ನಿಂಗೆ ದೊಡ್ಡಪ್ಪ ಆಗ್ಬೇಕು. ಬುಕಿಂಗ್ ಗಿಕಿಂಗ್ ಎಲ್ಲ ಬುಟ್ಟಾಕು, ಸೀದಾ ಮನೆಗ್ ಬಾ. ಸೊಸೇನೂ ಕರ್ಕೊಂಡ್ ಬಾ."

ಸೊಸೆ! ನನಗೆ ಅಳುವೇ ಬಂತು. ಇನ್ನು ರೆಸಾರ್ಟಿಗೆ ಹೋಗುವಂತೆಯೂ ಇಲ್ಲ. ದೊಡ್ಡಪ್ಪನ ಮನೆಯಿಂದ ಎರಡು ಮೈಲಿಯಲ್ಲಿ ರೂಮು ಮಾಡಿದರೆ ಅದಕ್ಕಿಂತ ದೊಡ್ಡ ಅವಮಾನ ಇಲ್ಲ.

ಹೋದೆವು. ಪರಮಶಿವಯ್ಯನವರು ಹಣೆ ತುಂಬ ವಿಭೂತಿ ಬಳಿದುಕೊಂಡು ಜಗಲಿಯಲ್ಲೇ ಕಾಯುತ್ತಿದ್ದರು. ಅವರ ಹೆಂಡತಿ ಮೀನಾಕ್ಷಮ್ಮ ಕಾಲಿಗೆ ನೀರು ಕೊಟ್ಟರು, ಹೆಚ್ಚು ಮಾತಾಡಲಿಲ್ಲ. ನಾನು ಬುಕ್ ಮಾಡಿದ್ದ ಅತಿಥಿಗಳ ರೂಮು ಬೆಂಗಳೂರಿನಿಂದ ಬಂದ ಇನ್ಯಾರದೋ ಪಾಲಾಯಿತು. ನಮಗೆ ಅಡುಗೆಮನೆ ಪಕ್ಕದ ಕೋಣೆ. ಐದೂವರೆಗೆ ಹೇಗೂ ಎಬ್ಬಿಸುತ್ತಾರೆ ಎಂದು ಅಲಾರಂ ಕೂಡ ಇಡದೆ ಮಲಗಿದೆ.

ಕಣ್ಣು ಬಿಟ್ಟಾಗ ಎಂಟೂ ಹತ್ತು. ಕೆದರಿದ ತಲೆಯಲ್ಲೇ ಹೊರಗೆ ಓಡಿದೆ.

"ಜ್ವರ ಹೆಂಗೈತವ್ವ?" ಎಂದರು ಜಗಲಿಯಿಂದ ಪರಮಶಿವಯ್ಯ.

ಸೀದಾ ಅಡುಗೆಮನೆಗೆ ನುಗ್ಗಿದೆ. ಮೀನಾಕ್ಷಮ್ಮ ಅವರೆಕಾಯಿ ಸುಲಿಯುತ್ತಿದ್ದರು. "ನಿಂಗೆ ಜ್ವರ ಅಂತ ನಾನೇ ಹೇಳಿವ್ನಿ," ಎಂದರು ಮೆಲ್ಲಗೆ. "ಇಲ್ದಿದ್ರೆ ಐದಕ್ಕೇ ಪೂಜೆ ಗಂಟೆ ಬಾರ್ಸಿ ಎಬ್ಬಿಸ್ಬುಡೋರು."

"ಯಾಕತ್ತೆ?"

"ನೀನೇ ಫಾರಮ್ಮಲ್ಲಿ ಬರ್ದಿದ್ಯಲ್ಲ? ಬುಕಿಂಗು ನೋಡ್ಕೊಳ್ಳೋಳು ನಾನೇಯ. ಎರಡ್ನೇದೂ ಓದಿವ್ನಿ."

ನೆಲ ಬಾಯಿಬಿಟ್ಟು ನುಂಗಬಾರದೇ ಎನ್ನುವಷ್ಟು ನಾಚಿಕೆಯಾಯಿತು.

"ಲಿಂಗಪೂಜೆ ಮನೆ, ಅದು ಇಲ್ಲಾಗಾಕಿಲ್ಲ," ಎಂದರು ಅವರು, ಕೈ ನಿಲ್ಲಿಸದೆ. "ಉಂಡಾದ್ಮೇಲೆ ನಿನ್ ಗಂಡ ನಮ್ ತೋಟದ ಮೋಟ್ರು ನೋಡ್ಲಿ. ನಾವಿಬ್ರೂ ಡಾಕ್ಟ್ರ ತಾವ ಅಂದ್ಕಂಡು ಫ್ಯಾಕ್ಟ್ರಿಗೆ ಹೋಗ್ಬುಟ್ ಬರನ. ಹದಿನಾಲ್ಕು ವರ್ಸದಿಂದ ದ್ರಾಕ್ಷಿ ಕೊಡ್ತಾ ಇವ್ನಿ, ಗೇಟಿನ ಒಳಕ್ಕೆ ಕಾಲಿಟ್ಟಿಲ್ಲ."

ಫ್ಯಾಕ್ಟರಿಯ ಕೌಂಟರಿನಲ್ಲಿ ಕೊಟ್ಟ ವೈನು ಒಗರು. ನೇರಳೆಹಣ್ಣು ತಿಂದಾಗ ನಾಲಿಗೆ ಹಿಡಿದುಕೊಳ್ಳುವ ಹಾಗೆ. ಇಷ್ಟಕ್ಕೆ ಇಷ್ಟೊಂದು ಪಾಡೇ ಎನಿಸಿತು, ಆದರೂ ಬಿಡದೆ ಮುಗಿಸಿದೆ. ಮೀನಾಕ್ಷಮ್ಮ ಖಾಲಿ ಲೋಟವನ್ನು ಮೂಸಿ ನೋಡಿ, "ನಮ್ ಹಣ್ಣಿನ್ ವಾಸ್ನೆ ಒಸಿನೂ ಇಲ್ಲ," ಎಂದು ಕೆಳಗಿಟ್ಟರು.

ಕೌಂಟರಿನ ಹುಡುಗಿಗೆ ನಮ್ಮಿಬ್ಬರನ್ನು ನೋಡಿ ಕುತೂಹಲ. "ಇವ್ರು ನಿಮ್ಗೆ ಏನಾಗ್ಬೇಕು ಮೇಡಂ? ಅತ್ತೇನಾ?"

ಹೌದು ಅನ್ನಲು ರೂಢಿಯಂತೆ ಬಾಯಿ ತೆರೆದಿದ್ದೆ. ಮೀನಾಕ್ಷಮ್ಮ ಸೆರಗು ಸರಿಮಾಡಿಕೊಂಡು ನನಗಿಂತ ಮೊದಲೇ ಹೇಳಿದರು:

"ಏನೂ ಆಗ್ಬೇಕಾಗಿಲ್ಲ ಕಣವ್ವ. ನಾನು ರೂಮಿನ್ ಓನರು. ಇವ್ರು ಗಿರಾಕಿ."

ಇನ್ನೊಂದು ಲೋಟ ಕೊಡಿ ಎಂದೆ.